ಅಕೌಂಟ್ಸ್ ಕೈಹಿಡಿಯುವುದು ಯಾವುದರಿಂದ?

ಬಿ.ಕಾಂ. ಸೇರಿದ ಮೊದಲ ವಾರದಲ್ಲೇ ಒಂದು ಮಾತು ಕಿವಿಗೆ ಬೀಳುತ್ತದೆ: ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ ಮಾತ್ರ ಅಕೌಂಟ್ಸ್ ಬರುತ್ತದೆ. ಇದು ಅರ್ಧ ನಿಜ. ಈ ಬಗ್ಗೆ ನಡೆದ ಅಧ್ಯಯನಗಳಲ್ಲೂ ಒಮ್ಮತ ಇಲ್ಲ. ಕೆಲವುಗಳಲ್ಲಿ ಮೊದಲೇ ಕಲಿತವರು ಮುಂದಿದ್ದರು, ಕೆಲವುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಿಂದಿನ ತರಗತಿಗಳ ಅಂಕ ಮತ್ತು ಹಾಜರಾತಿಯ ಪ್ರಭಾವ ಮಾತ್ರ ಮತ್ತೆ ಮತ್ತೆ ಕಂಡಿದೆ. ಗಣಿತದ ಭಯ ಬೇಡ. ಶುರುವಿಗೆ ಕೂಡುವುದು, ಕಳೆಯುವುದು, ಶೇಕಡಾ ಲೆಕ್ಕ ಬಂದರೆ ಸಾಕು.

ನಾನು ನೋಡಿದ ಹಾಗೆ, ಜಾಸ್ತಿ ಜನ ಎಡವುವುದು ಡೆಬಿಟ್ (ಖಾತೆಯ ಎಡ ಬದಿ), ಕ್ರೆಡಿಟ್ (ಬಲ ಬದಿ) ಹತ್ತಿರ. ಕಾರಣ ನಮ್ಮ ಮೊಬೈಲಿನಲ್ಲೇ ಇದೆ. "ನಿಮ್ಮ ಖಾತೆಗೆ 2,000 ರೂ. ಕ್ರೆಡಿಟ್ ಆಗಿದೆ" ಅಂತ ಬ್ಯಾಂಕಿನ ಮೆಸೇಜ್ ಬರುತ್ತದೆ. ದುಡ್ಡು ಬಂದರೆ ಕ್ರೆಡಿಟ್ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಕ್ಲಾಸಿನಲ್ಲಿ ಮೇಷ್ಟ್ರು "ಒಳಗೆ ಬಂದದ್ದು ಡೆಬಿಟ್" ಅನ್ನುತ್ತಾರೆ. ಗೊಂದಲ ಆಗದೆ ಇರುತ್ತದಾ? ಆ ಮೆಸೇಜ್ ಬ್ಯಾಂಕಿನ ಪುಸ್ತಕದ ಮಾತು. ನಾವು ಇಟ್ಟ ದುಡ್ಡನ್ನು ಬ್ಯಾಂಕು ನಮಗೆ ವಾಪಸ್ ಕೊಡಬೇಕು. ಅದಕ್ಕೇ ಅವರ ಪುಸ್ತಕದಲ್ಲಿ ನಮ್ಮ ಖಾತೆಗೆ ಕ್ರೆಡಿಟ್. ನಾವೇ ಲೆಕ್ಕ ಬರೆದರೆ, ಬ್ಯಾಂಕ್ ಖಾತೆಗೆ ಡೆಬಿಟ್.

ನಮ್ಮ ಕೋಲಾರದ ಟೊಮೆಟೊ ಮಾರುಕಟ್ಟೆಯನ್ನೇ ನೋಡಿ. ಒಬ್ಬ ವ್ಯಾಪಾರಿ 15 ಕೆಜಿಯ 100 ಬಾಕ್ಸ್‌ಗಳನ್ನು ಬಾಕ್ಸಿಗೆ 300 ರೂ.ನಂತೆ ಒಂದು ಮಂಡಿಯಿಂದ ಸಾಲಕ್ಕೆ ಕೊಂಡರು ಅನ್ನಿ. ಅವರ ಪುಸ್ತಕದಲ್ಲಿ ಖರೀದಿ ಖಾತೆಗೆ 30,000 ಡೆಬಿಟ್, ಮಂಡಿ ಖಾತೆಗೆ 30,000 ಕ್ರೆಡಿಟ್. ಮಂಡಿಯವರ ಪುಸ್ತಕದಲ್ಲಿ ಅದೇ ವ್ಯಾಪಾರಿಯ ಖಾತೆಗೆ ಡೆಬಿಟ್. ಇದು ಯಾರ ಪುಸ್ತಕ? ಪ್ರತಿ ಲೆಕ್ಕಕ್ಕೂ ಮೊದಲು ಇದನ್ನೇ ಕೇಳಿಕೊಳ್ಳಿ.

ಹಾಜರಾತಿ ಯಾಕೆ ಮುಖ್ಯ ಅಂದರೆ, ಇಲ್ಲಿ ಪಾಠಗಳು ಒಂದರ ಮೇಲೊಂದು ನಿಂತಿವೆ. ಜರ್ನಲ್ (ವ್ಯವಹಾರಗಳನ್ನು ದಿನದಿನಕ್ಕೆ ಮೊದಲು ಬರೆಯುವ ಪುಸ್ತಕ) ಬರದಿದ್ದರೆ ಲೆಡ್ಜರ್ (ಅವನ್ನೇ ಖಾತೆವಾರು ಬರೆಯುವ ಪುಸ್ತಕ) ಇಲ್ಲ, ಲೆಡ್ಜರ್ ಇಲ್ಲದೆ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಡೆಬಿಟ್, ಕ್ರೆಡಿಟ್ ಮೊತ್ತ ಸಮ ಇದೆಯಾ ಅಂತ ನೋಡುವ ಪಟ್ಟಿ) ಇಲ್ಲ. ಮಾಲೂರು, ಶ್ರೀನಿವಾಸಪುರದ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಮೊದಲ ಪೀರಿಯಡ್ ತಪ್ಪಿದರೆ, ಅದೇ ಸಂಜೆ ಗೆಳೆಯರಿಂದ ಪ್ರಶ್ನೆ ಮಾತ್ರ ತಗೊಳ್ಳಿ. ಉತ್ತರ ಬೇಡ. ಮೊದಲ ಇಂಟರ್ನಲ್‌ವರೆಗೆ ನಾನು ಬೋರ್ಡ್ ಮೇಲಿದ್ದದ್ದನ್ನು ಸುಮ್ನೆ ಕಾಪಿ ಮಾಡುತ್ತಿದ್ದೆ. ನೋಡುವಾಗ ಎಲ್ಲ ಅರ್ಥವಾದಂತೆ ಇತ್ತು. ಪರೀಕ್ಷೆಯಲ್ಲಿ ಖಾಲಿ ಹಾಳೆ ಮುಂದೆ ಕೂತಾಗ ಮೊದಲ ಸಾಲೇ ಹೊಳೆಯಲಿಲ್ಲ.

ಟ್ರಯಲ್ ಬ್ಯಾಲೆನ್ಸ್ ಸರಿಹೊಂದದಿದ್ದರೂ ತಕ್ಷಣ ಉತ್ತರ ತೆರೆಯಬೇಡಿ. ವ್ಯತ್ಯಾಸವನ್ನು 9ರಿಂದ ಭಾಗಿಸಿ. ಶೇಷ ಬರದಿದ್ದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು, 540 ಇದ್ದದ್ದು 450 ಆದಂತೆ. ಸಿಗಲಿಲ್ಲವಾ? ವ್ಯತ್ಯಾಸದ ಅರ್ಧ ಮೊತ್ತ ಹುಡುಕಿ. ಅದು ತಪ್ಪು ಬದಿಯಲ್ಲಿ ಕೂತಿರಬಹುದು.