ಅಂಗಳದಲ್ಲಿ ನಾವೇ ಇಟ್ಟ ವಿಷ

ವಾಂತಿ ಮಾಡ್ತಿರುವ ನಾಯಿಯನ್ನು ಎತ್ತಿಕೊಂಡು ಬಂದವರು ಮೊದಲು ಹೇಳುವ ಮಾತು, "ಯಾರೋ ವಿಷ ಹಾಕಿದ್ದಾರೆ ಡಾಕ್ಟ್ರೇ." ಒಮ್ಮೊಮ್ಮೆ ಅದು ನಿಜವೂ ಹೌದು. ಆದರೆ ಅಕ್ಕಪಕ್ಕದವರ ಮೇಲೆ ಅನುಮಾನ ಪಡುವ ಮುಂಚೆ ನಾನು ಕೇಳುವುದು ಇಷ್ಟೇ: ಈ ವಾರ ಗಿಡಕ್ಕೆ ಏನು ಗೊಬ್ಬರ ಹಾಕಿದ್ರಿ?

ಗುಲಾಬಿ, ದಾಸವಾಳದ ಬುಡಕ್ಕೆ ಹರಳು ಹಿಂಡಿ ಹಾಕುವವರು ನಮ್ಮಲ್ಲಿ ತುಂಬಾ ಜನ. ಸಾವಯವ ಅಲ್ವಾ, ಏನಾಗುತ್ತೆ ಅನ್ನುವ ಧೈರ್ಯ. ಹರಳು ಬೀಜದಲ್ಲಿ ರೈಸಿನ್ ಎಂಬ ಕಡು ವಿಷವಿದೆ. ಬೀಜ ಹಿಂಡಿದಾಗ ಅದು ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಚೆನ್ನಾಗಿ ಬಿಸಿ ಮಾಡಿದ್ದರೆ ವಿಷ ಕೆಡುತ್ತದೆ ನಿಜ. ಆದರೆ ಚೀಲ ನೋಡಿ ಅದನ್ನು ಹೇಳೋಕಾಗಲ್ಲ. ಜೊತೆಗೆ ಮೂಳೆ ಪುಡಿ ಬೆರೆಸಿದ್ದರಂತೂ ಮುಗಿಯಿತು, ನಾಯಿ ಮಣ್ಣು ಕೆದಕಿ ಕೆದಕಿ ತಿನ್ನುತ್ತದೆ. ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ ವಾಂತಿ, ರಕ್ತಭೇದಿ ಶುರುವಾಗುತ್ತದೆ. ಇದಕ್ಕೆಂದೇ ಮದ್ದಿಲ್ಲ. ಡ್ರಿಪ್ ಹಾಕಿ ಕಾಯಬೇಕು. ನಾಯಿ ಇರುವ ಮನೆಗೆ ಹರಳು ಹಿಂಡಿ ಬೇಡವೇ ಬೇಡ. ಎರೆಗೊಬ್ಬರ ಹಾಕಿ, ಗಿಡ ಚೆನ್ನಾಗಿಯೇ ಬರುತ್ತದೆ.

ಎರಡನೆಯದು ಇಲಿ ಪಾಷಾಣ. ಬ್ರೋಮಡಿಯೋಲೋನ್ ಇರುವ ಬಿಲ್ಲೆ ತಿಂದ ನಾಯಿ ಅವತ್ತು ಆಟವಾಡಿಕೊಂಡೇ ಇರುತ್ತದೆ. ಮೂರು-ನಾಲ್ಕು ದಿನದ ನಂತರ ಸುಸ್ತು, ಬಿಳುಚಿದ ವಸಡು, ಮೂಗಿನಲ್ಲಿ ರಕ್ತ. ಒಳಗೆ ರಕ್ತ ಹೆಪ್ಪುಗಟ್ಟುವುದೇ ನಿಂತಿರುತ್ತದೆ. ತಿಂದ ದಿನವೇ ಬಂದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಅದನ್ನೂ ವಾರಗಟ್ಟಲೆ ಕೊಡಬೇಕು. "ಚೆನ್ನಾಗೇ ಇದೆ, ನಾಳೆ ನೋಡೋಣ" ಅಂದುಕೊಳ್ಳಬೇಡಿ. ಇಲಿಗೇ ಇಡುವ ಹಳದಿ ರಂಜಕದ (ಫಾಸ್ಫರಸ್) ಪೇಸ್ಟ್ ಇನ್ನೂ ಕೆಟ್ಟದ್ದು, ಲಿವರನ್ನೇ ಹಾಳು ಮಾಡುತ್ತದೆ. ಇಲಿ ಕಾಟ ಇದ್ದರೆ ಬೋನು ಇಡಿ.

ಬೆಕ್ಕಿನ ವಿಷಯವೇ ಬೇರೆ. ಜ್ವರ ಅಂತ ಸುಮ್ನೆ ಒಂದು ಪ್ಯಾರಾಸಿಟಮಾಲ್ ಕೊಟ್ಟರೂ ಅದರ ಜೀವ ಹೋಗಬಹುದು. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಉಣ್ಣಿ ಔಷಧಿಯನ್ನು ಬೆಕ್ಕಿಗೆ ಸವರಿದರೆ ಮೈ ನಡುಗಿ ಫಿಟ್ಸ್ ಬರುತ್ತದೆ. ಹೂದಾನಿಯಲ್ಲಿ ಲಿಲ್ಲಿ ಇಡಬೇಡಿ, ಅದರ ಪರಾಗ ಮೈಗೆ ಮೆತ್ತಿ, ಬೆಕ್ಕು ನೆಕ್ಕಿಕೊಂಡರೂ ಕಿಡ್ನಿ ಕೈಕೊಡುತ್ತದೆ. ಇನ್ನು ಅಂಗಳದಲ್ಲಿ ಸೈಕಸ್ (ತಾಳೆಯಂತೆ ಕಾಣುವ ಅಲಂಕಾರದ ಗಿಡ), ಕಣಗಿಲೆ ಇದ್ದರೆ ಅವೂ ವಿಷವೇ, ನಾಯಿಮರಿಗೆ ಎಟುಕದಂತೆ ಬೇಲಿ ಕಟ್ಟಿ.

ಏನಾದರೂ ತಿಂದಿದೆ ಅನ್ನಿಸಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ಜಾಸ್ತಿಯಾಗಿ ಮಿದುಳಿಗೆ ತೊಂದರೆಯಾಗುತ್ತದೆ. ಹಾಲೂ ಬೇಡ. ಹಳದಿ ರಂಜಕ ಹಾಲಿನ ಕೊಬ್ಬಿನ ಜೊತೆ ಇನ್ನೂ ಬೇಗ ಮೈಗೆ ಸೇರುತ್ತದೆ. ಏನು ತಿಂತು, ಎಷ್ಟು, ಯಾವಾಗ ಅಂತ ಫೋನಿನಲ್ಲೇ ಹೇಳಿ, ಹೊರಡಿ. ಹರಿದ ಪ್ಯಾಕೆಟ್ ಸಿಕ್ಕರೆ ಮರೆಯದೆ ತನ್ನಿ. ಅದರ ಮೇಲಿನ ಹೆಸರು ಓದಿದರೆ ಯಾವ ಚಿಕಿತ್ಸೆ ಎಂಬುದು ನಮಗೆ ತಕ್ಷಣ ಗೊತ್ತಾಗುತ್ತದೆ.