ಕಟ್ಟಿದ ಮೂಗು ಮತ್ತು ಮೂರು ದಿನದ ಲೆಕ್ಕ

ರಾತ್ರಿ ಎರಡು ಗಂಟೆ. ಎಡ ಮಗ್ಗುಲಿಗೆ ಮಲಗಿದರೆ ಎಡ ಹೊಳ್ಳೆ ಬಂದ್. ಬಲಕ್ಕೆ ಹೊರಳಿದರೆ ಬಲ ಹೊಳ್ಳೆ ಬಂದ್. ಬಾಯಲ್ಲೇ ಉಸಿರಾಡಿ ಗಂಟಲು ಒಣಗಿ ಹೋಗಿದೆ. ಕತ್ತಲಲ್ಲೇ ದಿಂಬಿನ ಪಕ್ಕ ತಡಕಾಡಿ ಸ್ಪ್ರೇ ಬಾಟಲಿ ಹುಡುಕಿ ಒಂದೆರಡು ಸಲ ಒತ್ತಿದರೆ, ಹತ್ತು ನಿಮಿಷದೊಳಗೆ ಗಾಳಿ ಸರಾಗವಾಗಿ ಆಡುತ್ತದೆ. ಇಷ್ಟು ಬೇಗ ಸುಖ ಕೊಡುವ ಔಷಧಿಗಳು ಕಡಿಮೆ. ಅದರ ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಆ ಬಾಟಲಿಯ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದಷ್ಟು ಎಚ್ಚರಿಕೆಗಳಿರುತ್ತವೆ. ಮೂರು ದಿನಕ್ಕಿಂತ ಜಾಸ್ತಿ ಬೇಡ, ಬಿ.ಪಿ. ಇದ್ದರೆ ವೈದ್ಯರನ್ನು ಕೇಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಯಾರೂ ಓದುವುದಿಲ್ಲ. ಆದರೆ ಅವು ಸುಮ್ನೆ ಬರೆದ ಸಾಲುಗಳಲ್ಲ. ಸುಮಾರು ನೂರು ವರ್ಷದಲ್ಲಿ ಜನ ಪೆಟ್ಟು ತಿಂದು ತಿಂದು ಒಂದೊಂದಾಗಿ ಸೇರಿಕೊಂಡವು.

ಮೊದಲು ಮೂಗಿನ ವಿಷಯ. ಮೂಗು ಕಟ್ಟುವುದು ಸಿಂಬಳದಿಂದ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಾದರೆ ಎಷ್ಟು ಸೀಟಿದರೂ ಏನೂ ಬಾರದೆ ಕಿವಿ ಮಾತ್ರ ಗುಂಯ್ ಅನ್ನುವುದು ಯಾಕೆ? ಮೂಗಿನ ಒಳಪದರದಲ್ಲಿ ಸ್ಪಂಜಿನ ಹಾಗೆ ರಕ್ತ ತುಂಬಿಕೊಳ್ಳುವ ನಾಳಗಳಿವೆ. ಶೀತವೋ ಅಲರ್ಜಿಯೋ ಆದಾಗ ಅವು ಊದಿಕೊಂಡು ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಈ ಔಷಧಿಗಳು ಮಾಡುವುದು ಇಷ್ಟೇ: ಆ ನಾಳಗಳನ್ನು ಹಿಂಡಿ ಸಣ್ಣ ಮಾಡುತ್ತವೆ. ನೆಗಡಿಯ ವೈರಸ್ಸನ್ನು ಮುಟ್ಟುವುದೂ ಇಲ್ಲ. ನೆಗಡಿ ತನ್ನ ಪಾಡಿಗೆ ತಾನು ಇರುತ್ತದೆ.

ಚೀನಾದಲ್ಲಿ ಮಾ ಹುವಾಂಗ್ ಎಂಬ ಗಿಡವನ್ನು ಬಹಳ ಹಿಂದಿನಿಂದ ಔಷಧಿಗೆ ಬಳಸುತ್ತಿದ್ದರು. 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಅದರಿಂದ ಎಫೆಡ್ರಿನ್ ಎಂಬ, ಇದೇ ರೀತಿ ನಾಳ ಹಿಂಡುವ ಔಷಧಿಯನ್ನು ಬೇರ್ಪಡಿಸಿದರು. 1920ರ ದಶಕದಲ್ಲಿ ಅದು ಪಶ್ಚಿಮದ ದೇಶಗಳ ಔಷಧಿ ಅಂಗಡಿ ಸೇರಿತು. ಅದರ ಬೆನ್ನಿಗೇ, 1930ರ ದಶಕದ ಮೊದಲಲ್ಲಿ, ಅಮೆರಿಕದಲ್ಲಿ ಬೆಂಜೆಡ್ರಿನ್ ಇನ್‌ಹೇಲರ್ ಬಂತು. ಬೆರಳುದ್ದದ ಕೊಳವೆ. ಮೂಗಿಗೆ ಹಿಡಿದು ಎಳೆದುಕೊಂಡರೆ ಆಯಿತು. ಒಳಗಿದ್ದದ್ದು ಆಂಫೆಟಮೀನ್. ಹೌದು, ಇವತ್ತು ಮಾದಕ ವಸ್ತುಗಳ ಪಟ್ಟಿಯಲ್ಲಿರುವ ಅದೇ ಆಂಫೆಟಮೀನ್. ಚೀಟಿ ಇಲ್ಲದೆ ಯಾರು ಬೇಕಾದರೂ ಕೊಳ್ಳಬಹುದಿತ್ತು. ಜನ ಬಲು ಬೇಗ ಕಂಡುಹಿಡಿದರು: ಕೊಳವೆ ಒಡೆದು, ಒಳಗಿನ ಔಷಧಿ ನೆನೆದ ಕಾಗದದ ಪಟ್ಟಿಯನ್ನು ನುಂಗಿದರೆ ಅಥವಾ ಕಾಫಿಯಲ್ಲಿ ಅದ್ದಿ ಕುಡಿದರೆ ರಾತ್ರಿಯಿಡೀ ನಿದ್ದೆ ಬಾರದು, ಮನಸ್ಸು ಹಾರಾಡುತ್ತದೆ. ಇಂಥ ಇನ್‌ಹೇಲರ್‌ಗಳಿಗೆ ವೈದ್ಯರ ಚೀಟಿ ಕಡ್ಡಾಯವಾಗಲು 1959 ಬರಬೇಕಾಯಿತು.

ಈ ಹೊತ್ತಿಗೆ ಡ್ರಾಪ್ಸ್‌ಗಳ ಕಾಲ ಶುರುವಾಗಿತ್ತು. 1940ರ ದಶಕದಲ್ಲಿ ನಾಫಜೋಲಿನ್ ಬಂತು. ತಲೆಗೇರುವುದಿಲ್ಲ, ನೇರ ಮೂಗಿನಲ್ಲೇ ಕೆಲಸ. ಎಲ್ಲ ಸರಿಹೋಯಿತು ಅಂದುಕೊಳ್ಳುವಾಗಲೇ ವೈದ್ಯರ ಬಳಿಗೆ ವಿಚಿತ್ರ ರೋಗಿಗಳು ಬರತೊಡಗಿದರು. ನೆಗಡಿ ಹೋಗಿ ತಿಂಗಳುಗಳೇ ಆಗಿವೆ, ಮೂಗು ಮಾತ್ರ ಬಿಟ್ಟಿಲ್ಲ. ಡ್ರಾಪ್ಸ್ ಹಾಕಿದರೆ ಬಿಡುತ್ತದೆ, ಮತ್ತೆ ಕಟ್ಟುತ್ತದೆ, ಮತ್ತೆ ಹಾಕಬೇಕು. ಮೂಗು ಕಟ್ಟುತ್ತಿದ್ದದ್ದು ಆ ಡ್ರಾಪ್ಸ್‌ನಿಂದಲೇ! 1945ರಲ್ಲೇ ಇದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಮರುವರ್ಷ ಅದಕ್ಕೆ ರೈನೈಟಿಸ್ ಮೆಡಿಕಮೆಂಟೋಸಾ ಅನ್ನುವ ಹೆಸರೂ ಬಂತು. ಅಂದರೆ ಔಷಧಿಯೇ ತಂದಿಟ್ಟ ಮೂಗಿನ ಊತ.

ಮುಂದೆ ಬಂದ ಝೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್‌ಗಳು ಹೆಚ್ಚು ಹೊತ್ತು ಕೆಲಸ ಮಾಡುತ್ತವೆ. ಆಕ್ಸಿಮೆಟಜೋಲಿನ್ ಸುಮಾರು ಹನ್ನೆರಡು ಗಂಟೆ ಹಿಡಿಯುತ್ತದೆ. ಆದರೆ ಸ್ವಭಾವ ಅದೇ. ದಿನಗಟ್ಟಲೆ ಬಳಸಿದರೆ ರಕ್ತನಾಳಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ. ಹಿಡಿತ ಬಿಟ್ಟ ಕೂಡಲೇ ಮೊದಲಿಗಿಂತ ಜಾಸ್ತಿ ಉಬ್ಬುತ್ತವೆ. ದಿನಕ್ಕೆ ಎರಡು ಸಲ ಇದ್ದದ್ದು ನಾಲ್ಕಾಗುತ್ತದೆ, ಆರಾಗುತ್ತದೆ. ಜೇಬಿನಲ್ಲೊಂದು, ಮಂಚದ ಪಕ್ಕ ಒಂದು ಬಾಟಲಿ. ಮೂರು ದಿನದ ಲೆಕ್ಕ ಹುಟ್ಟಿದ್ದು ಇಲ್ಲಿಂದ. ಕೆಲವು ಲೇಬಲ್‌ಗಳು ಐದು, ಏಳು ದಿನದವರೆಗೂ ಬಿಡುತ್ತವೆ. ನಾನಾದರೆ ಮೂರನ್ನೇ ಹಿಡಿದುಕೊಳ್ಳುತ್ತೇನೆ. ಬಾಟಲಿ ತೆರೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದಿಟ್ಟರೆ ಮೋಸವಾಗುವುದಿಲ್ಲ.

ಆಗಲೇ ಸಿಕ್ಕಿಹಾಕಿಕೊಂಡಿದ್ದರೆ? ಬಿಡಲು ಆಗುತ್ತದೆ, ಆದರೆ ಕೆಲವು ದಿನ ಕಷ್ಟ. ವೈದ್ಯರು ಸಾಮಾನ್ಯವಾಗಿ ಸ್ಟಿರಾಯ್ಡ್ ಇರುವ ಬೇರೆ ಮೂಗಿನ ಸ್ಪ್ರೇ ಕೊಟ್ಟು ಇದನ್ನು ಬಿಡಿಸುತ್ತಾರೆ. ಒಂದು ಹೊಳ್ಳೆಗೆ ಮೊದಲು ನಿಲ್ಲಿಸಿ, ಅದು ಸರಿಹೋದ ಮೇಲೆ ಇನ್ನೊಂದಕ್ಕೆ ನಿಲ್ಲಿಸುವ ಉಪಾಯವೂ ಇದೆ. ಒಂದಾದರೂ ತೆರೆದಿದ್ದರೆ ರಾತ್ರಿ ಕಳೆಯಬಹುದು, ಅಲ್ವಾ? ಜೊತೆಗೆ ಉಪ್ಪುನೀರಿನ ಸ್ಪ್ರೇ ಆಗುತ್ತದೆ. ಅದಕ್ಕೆ ದಿನದ ಲೆಕ್ಕ ಬೇಕಿಲ್ಲ. ಮನೆಯಲ್ಲೇ ಉಪ್ಪುನೀರು ಮಾಡಿ ಮೂಗು ತೊಳೆಯುವವರು ಮಾತ್ರ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು.

ಮಾತ್ರೆಗಳದ್ದು ಬೇರೆ ಕಥೆ, ಅದೂ ಚೆನ್ನಾಗಿಲ್ಲ. ಫಿನೈಲ್‌ಪ್ರೊಪನೊಲಮೈನ್ ಎಷ್ಟೋ ನೆಗಡಿ ಮಾತ್ರೆಗಳಲ್ಲಿತ್ತು. ಮಿದುಳಿನಲ್ಲಿ ರಕ್ತಸ್ರಾವದ ಅಪಾಯ, ಅದರಲ್ಲೂ ಹೆಂಗಸರಲ್ಲಿ, ಕಂಡುಬಂದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ದಲ್ಲಿ ಅದರ ಮಾರಾಟ ನಿಲ್ಲಿಸಲು ಕಂಪನಿಗಳನ್ನು ಕೇಳಿತು. ಸ್ಯೂಡೋಎಫೆಡ್ರಿನ್ ಕೆಲಸವೇನೋ ಮಾಡುತ್ತದೆ. ಆದರೆ ಅದರಿಂದ ಮೆತ್ ಎಂಬ ಮಾದಕ ವಸ್ತು ತಯಾರಿಸಬಹುದು. ಹಾಗಾಗಿ 2006ರಿಂದ ಅಮೆರಿಕದಲ್ಲಿ ಅದು ಅಂಗಡಿಯ ತೆರೆದ ಕಪಾಟಿನಿಂದ ಕೌಂಟರ್ ಹಿಂದೆ ಸರಿಯಿತು. ಕಪಾಟಿನ ಆ ಜಾಗಕ್ಕೆ ಬಂದದ್ದು ಫಿನೈಲ್‌ಎಫ್ರಿನ್. ಸ್ಪ್ರೇ ರೂಪದಲ್ಲಿ ಅದು ಸರಿ. ನುಂಗಿದರೆ ಕರುಳು, ಯಕೃತ್ತು ದಾಟುವಷ್ಟರಲ್ಲಿ ಬಹುಪಾಲು ಒಡೆದುಹೋಗುತ್ತದೆ, ಮೂಗಿನ ತನಕ ತಲುಪುವುದೇ ಚೂರು. 2023ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಸಲಹಾ ಸಮಿತಿಯ 16 ಜನರೂ ನುಂಗುವ ಫಿನೈಲ್‌ಎಫ್ರಿನ್ ಮೂಗು ಬಿಡಿಸುವುದಿಲ್ಲ ಎಂದು ಮತ ಹಾಕಿದರು. ಅಷ್ಟು ವರ್ಷ ಜನ ಅದಕ್ಕೆ ದುಡ್ಡು ಕೊಟ್ಟದ್ದಂತೂ ನಿಜ.

ಬಿ.ಪಿ. ಎಚ್ಚರಿಕೆಯ ಕಾರಣ ಈಗ ಗೊತ್ತಾಗಿರಬೇಕು. ಮೂಗಿನ ನಾಳ ಹಿಂಡುವ ಔಷಧಿ ರಕ್ತಕ್ಕೆ ಸೇರಿದರೆ ಬೇರೆ ಕಡೆಯ ನಾಳಗಳನ್ನೂ ಹಿಂಡಬಹುದು. ಹೃದಯದ ತೊಂದರೆ, ಥೈರಾಯ್ಡ್, ಗ್ಲಾಕೋಮಾ ಎಂಬ ಕಣ್ಣಿನ ರೋಗ, ಪ್ರಾಸ್ಟೇಟ್ ಸಮಸ್ಯೆ ಇದ್ದವರು, ಗರ್ಭಿಣಿಯರು, ಖಿನ್ನತೆಗೆ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಬಳಸಬಾರದು. ನೆಗಡಿ ಮಾತ್ರೆಯೊಳಗೂ ಇದೇ ಔಷಧಿ ಸೇರಿರಬಹುದು, ಹಾಗಾಗಿ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ಮುಂಚೆ ಹೆಸರು ನೋಡಿ.

ಹಾಕುವ ರೀತಿಯೂ ಇದೆ. ಮೊದಲು ಮೂಗು ಸೀಟಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ತುದಿ ತಾನಾಗಿ ಕಿವಿಯ ಕಡೆ ತಿರುಗುತ್ತದೆ, ನಡುಗೋಡೆಗೆ ಔಷಧಿ ಬಡಿಯುವುದಿಲ್ಲ. ಒತ್ತುವಾಗ ಮೆಲ್ಲಗೆ ಉಸಿರೆಳೆದರೆ ಸಾಕು. ಜೋರಾಗಿ ಎಳೆದರೆ ಗಂಟಲಿಗಿಳಿದು ಕಹಿಯಾಗುತ್ತದೆ. ತುದಿ ಒರೆಸಿ ಮುಚ್ಚಿಡಿ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ.

ಇನ್ನು ಮಕ್ಕಳು. ದೊಡ್ಡವರ ಸ್ಪ್ರೇ ಅವರಿಗಲ್ಲ. ಆ ಬಾಟಲಿ ಅವರ ಕೈಗೆ ಸಿಗುವುದು ಇನ್ನೂ ಅಪಾಯ. 2012ರಲ್ಲಿ ಎಫ್‌ಡಿಎ ಕೊಟ್ಟ ಎಚ್ಚರಿಕೆಯ ಪ್ರಕಾರ ಒಂದೆರಡು ಮಿಲಿಲೀಟರ್ ನುಂಗಿದರೂ ಚಿಕ್ಕ ಮಗುವಿಗೆ ಗಂಭೀರ ಅಪಾಯ. ಅಂದರೆ ಅರ್ಧ ಟೀ ಚಮಚವೂ ಬೇಡ. ಮಗು ತೂಕಡಿಸುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಪ್ರಜ್ಞೆಯೂ ತಪ್ಪಬಹುದು. ಕಾದು ನೋಡದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಬಾಟಲಿಯನ್ನೂ ಜೊತೆಗೆ. ಮತ್ತೆ ಚಿಕ್ಕ ಮಗುವಿಗೆ ಒಂದೇ ಹೊಳ್ಳೆ ಕಟ್ಟಿ, ಅದರಿಂದ ವಾಸನೆಯ ಸಿಂಬಳ ಸುರಿಯುತ್ತಿದ್ದರೆ ನೆಗಡಿ ಅಂದುಕೊಂಡು ಡ್ರಾಪ್ಸ್ ಹುಡುಕಬೇಡಿ. ಒಳಗೆ ಮಣಿಯೋ ಸ್ಪಂಜಿನ ಚೂರೋ ಕೂತಿರಬಹುದು.