ಪ್ಯಾಚ್ ಚಿಕ್ಕದಿದ್ದಷ್ಟೂ ನಿದ್ದೆ ಜಾಸ್ತಿ

ದೊಡ್ಡ ವೆಬ್‌ಸೈಟ್ ತೆರೆದಾಗ ನಮ್ಮ ಬ್ರೌಸರ್ ನೇರವಾಗಿ ಆ ಸೈಟಿನ ಅಸಲಿ ಸರ್ವರ್ ಜೊತೆ ಮಾತಾಡುವುದು ಅಪರೂಪ. ನಡುವೆ ಒಂದು ಪ್ರಾಕ್ಸಿ ಕೂತಿರುತ್ತದೆ. ನಾವು ಕೇಳಿದ್ದನ್ನು ಹಿಂದಿನ ಸರ್ವರ್‌ಗೆ ದಾಟಿಸಿ, ಬಂದ ಉತ್ತರವನ್ನು ನಮಗೆ ಕೊಡುವುದು ಅದರ ಕೆಲಸ. ಇದಕ್ಕೆ ತುಂಬಾ ಜನ ಬಳಸುವುದು ಎಂಜಿನ್‌ಎಕ್ಸ್. ರಷ್ಯಾದ ಇಗೊರ್ ಸಿಸೋಯೆವ್ 2002ರಲ್ಲಿ ಬರೆಯಲು ಶುರು ಮಾಡಿ, 2004ರಲ್ಲಿ ಎಲ್ಲರ ಕೈಗೆ ಕೊಟ್ಟ ವೆಬ್ ಸರ್ವರ್ ಇದು.

ಅದರ ಲೈಸೆನ್ಸ್ ಬಹಳ ಧಾರಾಳ. ಯಾರು ಬೇಕಾದರೂ ಕೋಡ್ ತೆಗೆದುಕೊಂಡು, ತಿದ್ದಿ, ತಮ್ಮದೇ ಕವಲು ಮಾಡಿಕೊಳ್ಳಬಹುದು. ಇದೇ ಫೋರ್ಕ್. ಚೀನಾದ ಟಾವೊಬಾವೊ ಹೀಗೆ ತಿದ್ದಿಕೊಂಡ ಟೆಂಜಿನ್ ಅನ್ನು 2011ರ ಡಿಸೆಂಬರ್‌ನಲ್ಲಿ ಓಪನ್ ಸೋರ್ಸ್ ಮಾಡಿತು. ಫೋರ್ಕ್ ಮಾಡೋದಕ್ಕೆ ಒಂದು ನಿಮಿಷ ಸಾಕು. ಖರ್ಚು ಶುರುವಾಗುವುದು ಆಮೇಲೆ. ಅಣ್ಣತಮ್ಮಂದಿರು ಪಾಲಾದ ಮೇಲೆ ಮಾಡು ಸೋರಿದರೆ ಅವರವರ ಹೆಂಚು ಅವರವರೇ ಹೊದಿಸಬೇಕು, ಅಲ್ವಾ?

ಸೋರಿಕೆ ಹೇಗಿರುತ್ತದೆ ನೋಡಿ. 2021ರ ಮೇ ತಿಂಗಳಲ್ಲಿ ಎಂಜಿನ್‌ಎಕ್ಸ್‌ನ ಒಂದು ತಪ್ಪು ಹೊರಗೆ ಬಂತು. ಸರ್ವರ್‌ನ ಹೆಸರು ಕೊಟ್ಟರೆ ಅದರ ವಿಳಾಸ ಹೇಳುವ ವ್ಯವಸ್ಥೆ ಡಿಎನ್‌ಎಸ್. ಅದರ ಉತ್ತರದಲ್ಲಿ ಬಂದ ಹೆಸರನ್ನು ಬಿಡಿಸಿ ಬರೆಯುವಾಗ ಒಂದು ಚುಕ್ಕಿ, ಬರೀ ಒಂದು ಬೈಟ್, ಮೀಸಲಿಟ್ಟ ಜಾಗದಿಂದ ಆಚೆ ಬೀಳುತ್ತಿತ್ತು. ಡಿಎನ್‌ಎಸ್ ಉತ್ತರವನ್ನು ನಕಲಿ ಮಾಡಬಲ್ಲವನಿಗೆ ಒಳಗೆ ನುಗ್ಗಲು ಅಷ್ಟೇ ದಾರಿಯಾಗಬಹುದಿತ್ತು. ಸುಮ್ನೆ ಫೈಲ್ ಕೊಡುವ ಸರ್ವರ್‌ಗೆ ಡಿಎನ್‌ಎಸ್ ಕೇಳುವ ಕೆಲಸ ಕಡಿಮೆ. ಹಿಂದಿನ ಸರ್ವರ್‌ಗಳ ವಿಳಾಸವನ್ನು ಆಗಾಗ ಹುಡುಕುವ ಪ್ರಾಕ್ಸಿಗಳಿಗೆ ಹಾಗಲ್ಲ. ಈ ತಪ್ಪು 0.6.18ರಿಂದ 1.20.0ವರೆಗಿನ ಎಲ್ಲ ಆವೃತ್ತಿಗಳಲ್ಲೂ ಇತ್ತು. ಅಂದರೆ ನಡುವೆ ಯಾವಾಗ ಕವಲೊಡೆದಿದ್ದರೂ ಆ ಚುಕ್ಕಿ ಜೊತೆಗೇ ಬಂದಿರುತ್ತದೆ. ಮೂಲ ಪ್ರಾಜೆಕ್ಟ್, ಅಂದರೆ ಅಪ್‌ಸ್ಟ್ರೀಮ್, 1.20.1ರಲ್ಲಿ ಸರಿ ಮಾಡಿತು. ಫೋರ್ಕ್ ನಡೆಸುವವರು ಆ ತಿದ್ದುಪಡಿಯನ್ನು ತಾವೇ ತಂದು ಕೂರಿಸಬೇಕಿತ್ತು. ಆ ಫೈಲನ್ನು ಅವರೂ ಬದಲಿಸಿದ್ದರೆ ಪ್ಯಾಚ್, ಅಂದರೆ ಕೋಡ್‌ಗೆ ಹಾಕುವ ಈ ತೇಪೆ, ನೇರವಾಗಿ ಕೂರುವುದಿಲ್ಲ. ಇತ್ತ ತಪ್ಪು ಊರಿಗೆಲ್ಲ ಗೊತ್ತಾಗಿರುತ್ತದೆ.

ಹಾಗಾಗಿ ಫೋರ್ಕ್ ಎಷ್ಟು ಕೆಲಸ ಸೇರಿಸಿದೆ ಅನ್ನುವುದಕ್ಕಿಂತ ಮೂಲದಿಂದ ಎಷ್ಟು ಕಡಿಮೆ ದೂರ ಹೋಗಿದೆ ಅನ್ನುವುದನ್ನೇ ನಾನು ಮೊದಲು ನೋಡುವುದು. ಈ ಲೆಕ್ಕದಲ್ಲಿ, ಎಂಜಿನ್‌ಎಕ್ಸ್ ಮೇಲೆಯೇ ಕಟ್ಟಿದ ಓಪನ್‌ರೆಸ್ಟಿಯ ಪದ್ಧತಿ ನನಗೆ ಇಷ್ಟ. ಅದರ ಒಂದು ಆವೃತ್ತಿಯ ಸಂಖ್ಯೆ 1.25.3.1. ಮೊದಲ ಮೂರು ಅಂಕಿ ಎಂಜಿನ್‌ಎಕ್ಸ್‌ನದು, ಕೊನೆಯದು ಮಾತ್ರ ಇವರದು. ಎಷ್ಟು ಹಿಂದೆ ಬಿದ್ದಿದ್ದಾರೆ ಅಂತ ನಂಬರ್ ನೋಡಿದರೇ ಗೊತ್ತಾಗುತ್ತದೆ, ಮುಚ್ಚಿಡೋಕೆ ಆಗೋದಿಲ್ಲ. ಮೂಲ ಕೋಡ್‌ಗೆ ಮಾಡಿದ ಬದಲಾವಣೆಗಳನ್ನು ಬಿಡಿ ಬಿಡಿ ಪ್ಯಾಚ್ ಫೈಲ್‌ಗಳಾಗಿ ಇಟ್ಟುಕೊಂಡಿದ್ದಾರೆ. ಹೊಸ ಎಂಜಿನ್‌ಎಕ್ಸ್ ಬಂದಾಗ ಅವನ್ನು ಒಂದೊಂದಾಗಿ ಹಾಕಿ ನೋಡಬಹುದು. ಲುವಾ ಭಾಷೆ ಓಡಿಸುವಂಥ ದೊಡ್ಡ ಕೆಲಸವೆಲ್ಲ ಬೇರೆ ಮಾಡ್ಯೂಲ್‌ನಲ್ಲಿದೆ.

ಪ್ಯಾಚ್ ತಕರಾರಿಲ್ಲದೆ ಕೂತರೂ ನಂಬುವ ಹಾಗಿಲ್ಲ. ಸಾಲುಗಳು ಹೊಂದಿಕೊಂಡಿರುತ್ತವೆ, ಆದರೆ ಸುತ್ತಲಿನ ಕೋಡ್ ನಡೆದುಕೊಳ್ಳುವ ರೀತಿ ಬದಲಾಗಿರುತ್ತದೆ. ಇದು ಎಷ್ಟು ಕೆಟ್ಟದಾಗಬಹುದು ಅಂತ 2017ರ ಫೆಬ್ರವರಿಯಲ್ಲಿ, ಬೇರೆಯವರ ವೆಬ್‌ಸೈಟ್‌ಗಳ ಮುಂದೆ ಪ್ರಾಕ್ಸಿ ನಡೆಸುವ ಕ್ಲೌಡ್‌ಫ್ಲೇರ್ ಕಂಪನಿಗೆ ಗೊತ್ತಾಯಿತು. ಅವರ ಪ್ರಾಕ್ಸಿ ಎಂಜಿನ್‌ಎಕ್ಸ್ ಮೇಲೆ ಕಟ್ಟಿದ್ದು. ಪುಟದ ಎಚ್‌ಟಿಎಂಎಲ್ ಓದುವ ಅವರದೇ ಮಾಡ್ಯೂಲ್‌ನಲ್ಲಿ ‘ಕೊನೆ ತಲುಪಿತಾ?’ ಅಂತ ಮಾತ್ರ ಕೇಳುವ ಒಂದು ಪರೀಕ್ಷೆ ಇತ್ತು. ‘ಅಥವಾ ದಾಟಿತಾ?’ ಅಂತ ಅದು ಕೇಳುತ್ತಿರಲಿಲ್ಲ. ಈ ತಪ್ಪು ವರ್ಷಗಟ್ಟಲೆ ಯಾರಿಗೂ ತೊಂದರೆ ಕೊಡದೆ ಕೂತಿತ್ತು. ಪಕ್ಕದಲ್ಲಿ ಹೊಸ ಮಾಡ್ಯೂಲ್ ಬಂದು ಬಫರ್‌ಗಳ, ಅಂದರೆ ಪುಟವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ ತುಂಡುಗಳ, ಲೆಕ್ಕ ಬದಲಾದದ್ದೇ ತಡ, ಓದು ಕೊನೆಯನ್ನು ದಾಟಿತು. ಒಬ್ಬರ ಪುಟದ ಕೊನೆಯಲ್ಲಿ ಇನ್ನೊಬ್ಬರ ಕುಕೀಗಳು ಸೋರತೊಡಗಿದವು. ಕೆಲವು ಸರ್ಚ್ ಎಂಜಿನ್‌ಗಳ ಕ್ಯಾಶ್‌ಗೂ ಸೇರಿಕೊಂಡವು.

ಕೊನೆಗೆ ಆ ಕಂಪನಿ ಅಸಲಿ ಸರ್ವರ್‌ಗಳ ಜೊತೆ ಮಾತಾಡುವ ಕೆಲಸಕ್ಕೆ ಎಂಜಿನ್‌ಎಕ್ಸ್ ಬಿಟ್ಟು, ರಸ್ಟ್ ಭಾಷೆಯಲ್ಲಿ ಪಿಂಗೋರಾ ಅನ್ನುವ ಹೊಸ ಪ್ರಾಕ್ಸಿಯನ್ನೇ ಬರೆಯಿತು. 2022ರಲ್ಲಿ ಅದನ್ನು ಹೇಳಿಕೊಂಡಾಗ ಕೊಟ್ಟ ಕಾರಣಗಳಲ್ಲಿ ಒಂದು ಎಂಜಿನ್‌ಎಕ್ಸ್‌ನ ರಚನೆಗೆ ಸಂಬಂಧಿಸಿದ್ದು. ಅದರಲ್ಲಿ ಕೆಲಸ ಹಂಚಿಕೊಂಡು ಓಡುವ ಒಂದೊಂದು ವರ್ಕರ್ ಪ್ರೋಸೆಸ್‌ಗೂ ಹಿಂದಿನ ಸರ್ವರ್‌ಗಳ ಜೊತೆಗಿನ ಕನೆಕ್ಷನ್‌ಗಳ ಬೇರೆ ಬೇರೆ ಗುಂಪು. ಪಕ್ಕದ ವರ್ಕರ್ ಬಳಿ ಖಾಲಿ ಕನೆಕ್ಷನ್ ಇದ್ದರೂ ಇದು ಹೊಸದನ್ನು ತೆರೆಯಲೇಬೇಕು. ಪಿಂಗೋರಾದಲ್ಲಿ ಎಲ್ಲರಿಗೂ ಒಂದೇ ಗುಂಪು. ಒಬ್ಬ ದೊಡ್ಡ ಗ್ರಾಹಕನ ವಿಷಯದಲ್ಲಿ ಇದ್ದ ಕನೆಕ್ಷನ್‌ಗಳ ಮರುಬಳಕೆ ಶೇ. 87.1ರಿಂದ ಶೇ. 99.92ಕ್ಕೆ ಏರಿತಂತೆ. ಇಂಥ ಬುಡದ ಬದಲಾವಣೆಯನ್ನು ಪ್ಯಾಚ್ ಹಾಕಿ ಮಾಡಲು ಹೊರಟರೆ ಮುಂದೆ ಅಪ್‌ಸ್ಟ್ರೀಮ್‌ನ ಒಂದು ಸಾಲೂ ಹೊಂದುವುದಿಲ್ಲ. ಹೊಸದಾಗಿ ಬರೆದದ್ದೇ ಜಾಣತನ. ಆದರೆ ಅಷ್ಟು ಎಂಜಿನಿಯರ್‌ಗಳು ಎಷ್ಟು ಕಂಪನಿಗಳ ಬಳಿ ಇದ್ದಾರೆ?

ಉಳಿದವರಿಗೆ 2024ರ ಫೆಬ್ರವರಿಯಲ್ಲಿ ಇನ್ನೊಂದು ತಲೆನೋವು ಬಂತು. ಎಂಜಿನ್‌ಎಕ್ಸ್‌ನ ಹಳೆಯ ಮುಖ್ಯ ಡೆವಲಪರ್ ಮ್ಯಾಕ್ಸಿಮ್ ಡೂನಿನ್, ಈಗಿನ ಒಡೆಯರಾದ ಎಫ್5 ಕಂಪನಿಯ ಜೊತೆ ಭದ್ರತಾ ನೀತಿಯ ವಿಷಯದಲ್ಲಿ ಜಗಳವಾಗಿ ಫ್ರೀಎಂಜಿನ್‌ಎಕ್ಸ್ ಅನ್ನುವ ತಮ್ಮದೇ ಫೋರ್ಕ್ ಶುರು ಮಾಡಿದರು. ಅಪ್‌ಸ್ಟ್ರೀಮೇ ಕವಲೊಡೆಯಿತು. ಈಗ ಸ್ವಂತ ಫೋರ್ಕ್ ನಡೆಸುವವರು ಎರಡೂ ಕಡೆಯ ತಿದ್ದುಪಡಿಗಳ ಮೇಲೆ ಕಣ್ಣಿಡಬೇಕು. ಒಂದು ಕಡೆ ಸರಿ ಮಾಡಿದ್ದು ಇನ್ನೊಂದು ಕಡೆಗೂ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.